ಲಗ್ನದ ಸೀಜನ್, ಬೆಳ್ಳಗಾಗೂ ಕ್ರೀಮು, ದಿನಕ್ಕ ಮೂವತ್ತು ಸಲ ಕನ್ನಡಿ: ಹಾಸ್ಟೆಲ್‌ನ್ಯಾಗ ಏನ್ ಮಾಡೂದು?

ನವನಗರ ವಾರ್ಡನ್, ಬಾಗಲಕೋಟೆ

ಡಿಗ್ರಿ ಓದೂ ಹುಡುಗ್ಯಾರ ಹಾಸ್ಟೆಲ್. 18ರಿಂದ 22ರ ವಯಸ್ಸಿನವರು. ತಿಳದವರು ಉತ್ತರ ಕೊಡ್ರಿ.

ಮೊದಲನೇದು, ಸಣ್ಣ ಡಬ್ಬ್ಯಾಗ ಹಾಕಿ ಕೊಡೂ ಕ್ರೀಮು. ಮ್ಯಾಲ ಹೆಸರಿಲ್ಲ, ತಾರೀಖಿಲ್ಲ. ಹದಿನೈದ ದಿನದಾಗ ಮಾರಿ ಬೆಳ್ಳಗ ಆಕ್ಕೈತಿ. ಬಿಟ್ರ ಕೆಂಪಾಗಿ ಉರೀತೈತಿ, ಅದಕ್ಕ ಮತ್ತ ಹಚ್ಚತಾರ. ಇದನ್ನ ಬಿಡಸೂದು ಹೆಂಗ? ಎರಡನೇದು, ಕನ್ನಡಿ ಮತ್ತ ಸೆಲ್ಫಿ. ಒಂದ ಫೋಟೋಕ್ಕ ನಲವತ್ತು ಸಲ ತಗಿಯೂದು, ಎಲ್ಲಾ ಅಳಸೂದು, ಆಮ್ಯಾಲ ಕ್ಲಾಸಿಗೆ ಹೋಗೂದ ಬಿಡೂದು. ಮೂರನೇದು, ಇದು ವಯಸ್ಸಿನ ಸಹಜ ಚಿಂತಿ ಎಲ್ಲಿತನಕಾ, ಡಾಕ್ಟರ್ ಕಡೆ ಕರಕೊಂಡ ಹೋಗೂದು ಯಾವಾಗ?

"ಆತ್ಮವಿಶ್ವಾಸ ಬೆಳೆಸಿಕೊಳ್ಳಿ" ಅನ್ನೂ ಭಾಷಣ ಬ್ಯಾಡ್ರಿ. ಅದು ವರ್ಷಾ ಗ್ಯಾದರಿಂಗ್‌ನ್ಯಾಗ ಆಕ್ಕೈತಿ.

ಚರ್ಮರೋಗ ವಿಭಾಗ, ಬೆಳಗಾವಿ

ವಾರ್ಡನ್ ಮೇಡಂ, ನೀವು ಬರೆದ "ಬಿಟ್ರ ಉರೀತೈತಿ, ಮತ್ತ ಹಚ್ಚತಾರ" ಅನ್ನೋ ಒಂದು ಸಾಲಿನಲ್ಲೇ ರೋಗನಿರ್ಣಯ ಮುಕ್ಕಾಲು ಮುಗಿದಿದೆ. ಅದು ಸ್ಟೀರಾಯ್ಡ್.

ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೋಲೋನ್: ಈ ಸ್ಟೀರಾಯ್ಡ್‌ಗಳೆಲ್ಲ ಇಸಬು, ಸೋರಿಯಾಸಿಸ್‌ನಂಥ ರೋಗಗಳಿಗೆ ಇರುವ ಒಳ್ಳೆಯ ಔಷಧಿಗಳು. ಮುಖಕ್ಕೆ ಹಚ್ಚಿದರೆ ಚರ್ಮದ ಸಣ್ಣ ರಕ್ತನಾಳಗಳು ಕುಗ್ಗುತ್ತವೆ, ಕೆಂಪು ಮತ್ತು ಮೊಡವೆಯ ಬಾವು ಇಳಿಯುತ್ತದೆ, ಬಣ್ಣ ಮಾಡುವ ಜೀವಕೋಶಗಳ ಕೆಲಸ ನಿಧಾನವಾಗುತ್ತದೆ. ಹಾಗಾಗಿ ಮೊದಲ ಎರಡು ವಾರ ಕ್ರೀಮು ಹೇಳಿದ ಮಾತು ಉಳಿಸಿಕೊಳ್ಳುತ್ತದೆ. ಎರಡು ಮೂರು ತಿಂಗಳ ಮೇಲೆ ಚರ್ಮ ತೆಳುವಾಗುತ್ತದೆ. ಕೆನ್ನೆಯ ಮೇಲೆ ದಾರದ ಎಳೆಯಂಥ ಕೆಂಪು ನಾಳಗಳು, ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆಗಳು, ಗಲ್ಲದ ಮೇಲೆ ಕೂದಲು, ಬಿಸಿಲಿಗೆ ಹೋದರೆ ಖಾರದ ಪುಡಿ ಸವರಿದಂಥ ಉರಿ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಇದು ಸಹಿಸಲು ಆಗುವಂಥದ್ದಲ್ಲ.

ಬಿಟ್ಟಾಗ ಏನಾಗುತ್ತದೆ ಅಂತ ಮೊದಲೇ ಹೇಳದಿದ್ದರೆ ಯಾರೂ ಬಿಡುವುದಿಲ್ಲ. ಕುಗ್ಗಿದ್ದ ನಾಳಗಳು ಒಮ್ಮೆಲೇ ಅಗಲವಾಗುತ್ತವೆ. ಕೆಲವು ದಿನಗಳಿಂದ ಎರಡು ವಾರದೊಳಗೆ ಕೆಂಪು, ಊತ, ಉರಿ, ಗುಳ್ಳೆ ಶುರು. ಇಳಿಯಲು ವಾರಗಳು, ವರ್ಷಗಟ್ಟಲೆ ಹಚ್ಚಿದವರಿಗೆ ತಿಂಗಳುಗಳು. ಇದನ್ನು "ಕ್ರೀಮು ಬಿಟ್ಟಿದ್ದಕ್ಕೆ ಮುಖ ಕೆಟ್ಟಿತು" ಅಂತ ಓದಿಕೊಳ್ಳುತ್ತಾರೆ. ಮುಖ ಕೆಟ್ಟದ್ದು ಹಚ್ಚಿದ್ದರಿಂದ. ಬಿಟ್ಟಾಗ ಬಿಲ್ಲು ಬರುತ್ತದೆ, ಅಷ್ಟೇ.

ಬಿಡಿಸುವ ಕ್ರಮ ಹೀಗೆ. ಹಚ್ಚಿದ್ದು ಎರಡು ಮೂರು ವಾರ ಮಾತ್ರ ಆಗಿದ್ದರೆ ಸಾಮಾನ್ಯವಾಗಿ ನೇರ ನಿಲ್ಲಿಸಬಹುದು. ತಿಂಗಳುಗಟ್ಟಲೆ ಆಗಿದ್ದರೆ ಚರ್ಮದ ಡಾಕ್ಟರ್ ನೋಡಲೇಬೇಕು. ಅವರು ಕಡಿಮೆ ಶಕ್ತಿಯ ಸ್ಟೀರಾಯ್ಡ್‌ಗೆ ಇಳಿಸಿ ದಿನ ಬಿಟ್ಟು ದಿನ ಮಾಡುತ್ತಾರೆ, ಇಲ್ಲವೇ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಕೊಡುತ್ತಾರೆ, ಗುಳ್ಳೆ ಹೆಚ್ಚಿದ್ದರೆ ಗುಳಿಗೆಯನ್ನೂ ಸೇರಿಸುತ್ತಾರೆ. ಇವನ್ನು ಅಂಗಡಿಯಲ್ಲಿ ಕೇಳಿ ತರಬೇಡಿ. ಆ ಅವಧಿಯಲ್ಲಿ ಮುಖಕ್ಕೆ ಮೂರೇ ವಸ್ತು: ವಾಸನೆ ಇಲ್ಲದ ಸೌಮ್ಯ ಫೇಸ್‌ವಾಶ್ ದಿನಕ್ಕೆ ಎರಡು ಸಲ, ವಾಸನೆ ಇಲ್ಲದ ಮಾಯಿಶ್ಚರೈಸರ್ ಬೇಕೆನಿಸಿದಾಗೆಲ್ಲ, ಬೆಳಿಗ್ಗೆ ಸನ್‌ಸ್ಕ್ರೀನ್. ಉರಿಗೆ ತಣ್ಣೀರಲ್ಲಿ ಅದ್ದಿದ ಮೆತ್ತನೆ ಅರಿವೆ ಹತ್ತು ನಿಮಿಷ. ಐಸ್ ನೇರವಾಗಿ ಬೇಡ, ಸ್ಕ್ರಬ್ ಬೇಡ, ಫೇಶಿಯಲ್, ಬ್ಲೀಚ್ ಬೇಡವೇ ಬೇಡ.

ಸನ್‌ಸ್ಕ್ರೀನ್ ಅಳತೆ: ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಎಳೆದರೆ ಮುಖ ಮತ್ತು ಕುತ್ತಿಗೆಗೆ ಸರಿ. ಈ ಲೆಕ್ಕದಲ್ಲಿ 50 ಗ್ರಾಂ ಟ್ಯೂಬು ದಿನಕ್ಕೊಮ್ಮೆ ಹಚ್ಚಿದರೆ ಸುಮಾರು ಒಂದೂವರೆ ತಿಂಗಳು. ಒಂದೇ ಟ್ಯೂಬು ಆರು ತಿಂಗಳು ಬಂತು ಅಂದರೆ ಹಚ್ಚಿದ್ದು ಶಾಸ್ತ್ರಕ್ಕೆ.

ಇನ್ನೊಂದು ಮಾತು. ಪ್ರತಿಯೊಬ್ಬರೂ ತೋಳಿನ ಒಳಬದಿ, ಬಗಲಿನ ಕೆಳಗಿನ ಜಾಗ ನೋಡಿಕೊಳ್ಳಲಿ. ಅಷ್ಟು ಬಿಸಿಲು ಕಾಣದ ಆ ಬಣ್ಣವೇ ಹುಟ್ಟಿನ ಬಣ್ಣ. ಬಿಸಿಲ ಕಪ್ಪು ತಿಳಿಯಾಗಿ ಮುಖ ಅಲ್ಲಿವರೆಗೆ ಬರಬಹುದು. ಅದಕ್ಕಿಂತ ಬೆಳ್ಳಗೆ ಮಾಡುತ್ತೇವೆ ಅನ್ನುವ ಯಾವುದೇ ಡಬ್ಬಿ, ಯಾವುದೇ ಇಂಜೆಕ್ಷನ್ ಬಂದರೂ ಅನುಮಾನಿಸಿ.

ಔಷಧಿ ಅಂಗಡಿ, ಇಳಕಲ್

ಡಾಕ್ಟರ್ ಮೇಡಂ ಹೇಳಿದ್ದಕ್ಕ ನಮ್ಮ ಕಡಿಂದ ನಾಕ ಮಾತು ಕೂಡಸ್ತೀನ್ರಿ. ಅಂಗಡಿಯವರದೂ ತಪ್ಪೈತಿ ಅನ್ನೂದು ಒಪ್ಪಕೊಂಡ.

2018ರಾಗ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನ ಶೆಡ್ಯೂಲ್ ಎಚ್‌ಗೆ ತಂತು. ಅಂದ್ರ ಚೀಟಿ ಇಲ್ಲದ ಕೊಡೂ ಹಂಗಿಲ್ಲ. ಟ್ಯೂಬಿನ ಮ್ಯಾಲ ಕೆಂಪು ಗೆರಿ ಇದ್ರ ಅದು ಸೌಂದರ್ಯದ ಕ್ರೀಮಲ್ಲ, ಔಷಧಿ. ಆದ್ರ ಅಕ್ಕನ ಚೀಟಿ ತಂಗಿಗೆ, ತಂಗಿ ಟ್ಯೂಬು ಗೆಳತಿಗೆ, ಹಿಂಗ ಒಂದ ಚೀಟಿ ಮ್ಯಾಲ ಒಂದು ರೂಮ್ ನಡೀತೈತಿ.

ಹೆಚ್ಚ ಓಡೂದು ಮೂರು ಔಷಧಿ ಕೂಡಿದ ಟ್ಯೂಬು: ಹೈಡ್ರೋಕ್ವಿನೋನ್ 2%, ಟ್ರೆಟಿನೋಯಿನ್ 0.025%, ಮೊಮೆಟಾಸೋನ್ 0.1%. ಈ ಜಾತಿ ಕೂಟದ ಮೂಲ 1975ರ ಅಮೆರಿಕದ ಕ್ಲಿಗ್‌ಮನ್ ಸೂತ್ರ. ಅದು ಬಂಗು ಬಂದವರಿಗೆ, ಕೆಲವೇ ವಾರ, ರಾತ್ರಿ ಮಾತ್ರ, ಡಾಕ್ಟರ್ ಕಣ್ಣಳತ್ಯಾಗ ಹಚ್ಚೂದು. ಇಲ್ಲಿ ಬಂಗು ಇಲ್ಲದ ಹತ್ತೊಂಬತ್ತರ ಹುಡುಗಿ ಹಗಲೂ ರಾತ್ರಿ ಹಚ್ಚತಾಳ. ಹೈಡ್ರೋಕ್ವಿನೋನ್ ಬಾಳ ದಿನ ಹಚ್ಚಿದ್ರ ಕೆಲವರಿಗೆ ನೀಲಿ ಮಿಶ್ರಿತ ಕಪ್ಪು ಕಲಿ ಬೀಳತಾವ, ಅವು ಹೋಗೂದು ಬಾಳ ಕಷ್ಟ. ಬೆಳ್ಳಗಾಗಾಕ ಹಚ್ಚಿದ್ದು ಕಪ್ಪು ಮಾಡಿ ಕೂರತೈತಿ. ಟ್ರೆಟಿನೋಯಿನ್ ಬಸರಿದ್ದವರು ಹಚ್ಚಬಾರದು, ಲಗ್ನ ಗೊತ್ತಾದವರು ಇದನ್ನ ನೆನಪಿಡ್ರಿ.

ಇನ್ನ ಹೆಸರಿಲ್ಲದ ಡಬ್ಬಿ, ಹೊರದೇಶದ ಅಕ್ಷರದ ಡಬ್ಬಿ. ಇದರಾಗ ಪಾದರಸದ ಭಯ. 2020ರ ಸೌಂದರ್ಯವರ್ಧಕ ನಿಯಮದ ಪ್ರಕಾರ ಪಾದರಸ ಬೇಕಂತ ಹಾಕೂ ಹಂಗಿಲ್ಲ. ತಿಳೀದ ಬೆರತದ್ದೂ ಮಾರಿ ಕ್ರೀಮಿನ್ಯಾಗ ಹತ್ತು ಲಕ್ಷಕ್ಕ ಒಂದು ಭಾಗ ದಾಟಬಾರದು. ಲೇಬಲ್ ಮ್ಯಾಲ "ಕ್ಯಾಲೋಮೆಲ್", "ಮರ್ಕ್ಯೂರಸ್ ಕ್ಲೋರೈಡ್", "ಅಮೋನಿಯೇಟೆಡ್ ಮರ್ಕ್ಯುರಿ" ಅಂತ ಇದ್ರ ಅದ ಪಾದರಸ. ಅದಕ್ಕಿಂತ ಸುಳುವು ಗುರ್ತು ಒಂದೈತಿ: "ಬಂಗಾರ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ" ಅಂತ ಬರದಿರತೈತಿ. ಪಾದರಸ ಬಂಗಾರದ ಮ್ಯಾಲ ಕೂತ್ರ ಬಂಗಾರ ಬೆಳ್ಳಗ ಆಕ್ಕೈತಿ. ಕಿವಿಯಾಗಿನ ಝುಮಕಿಗೆ ಆಗಬಾರದ್ದು ಕಿವಿ ಪಕ್ಕದ ಗಲ್ಲಕ್ಕ ಹೆಂಗ ನಡೀತೈತ್ರಿ?

ಹೊರದೇಶದ ಮಾಲಿಗೆ ಆಮದು ನೋಂದಣಿ ಸಂಖ್ಯೆ, ಆಮದುದಾರರ ಪೂರ್ಣ ವಿಳಾಸ ಇರಬೇಕು. ಇಲ್ಲಿಂದಕ್ಕ ಲೈಸನ್ಸ್ ನಂಬರ್, ಬ್ಯಾಚ್ ನಂಬರ್, ತಾರೀಖು. ಯಾವದೂ ಇಲ್ಲಂದ್ರ ಪುಕ್ಕಟೆ ಕೊಟ್ರೂ ಬ್ಯಾಡ.

ಚರ್ಮರೋಗ ವಿಭಾಗ, ಬೆಳಗಾವಿ

ಪಾದರಸದ ಬಗ್ಗೆ ಒಂದು ಸೇರ್ಪಡೆ. ಅದು ಚರ್ಮದಲ್ಲಿ ನಿಲ್ಲುವುದಿಲ್ಲ, ಮೂತ್ರಪಿಂಡಕ್ಕೆ ಹೋಗುತ್ತದೆ. ಅಂಥ ಕ್ರೀಮು ಹಚ್ಚಿದವರಿಗೆ ಬೆಳಿಗ್ಗೆ ಕಣ್ಣಿನ ರೆಪ್ಪೆ ಊದುವುದು, ಸಂಜೆ ಕಾಲು ಊದುವುದು, ಮೂತ್ರದಲ್ಲಿ ನಿಲ್ಲದ ನೊರೆ ಕಂಡರೆ ಮೂತ್ರದ ಪ್ರೋಟೀನ್ ಪರೀಕ್ಷೆ ಅದೇ ವಾರ ಆಗಬೇಕು. ಡಬ್ಬಿಯನ್ನು ಜೊತೆಗೆ ಒಯ್ಯಿರಿ, ಡಾಕ್ಟರಿಗೆ ತೋರಿಸಿ. ಕೇರಳದ ಮಲಪ್ಪುರಂನಲ್ಲಿ 2023ರಲ್ಲಿ ಮೂತ್ರಪಿಂಡದ ರೋಗಿಗಳ ಗುಂಪೊಂದರ ಮೂಲ ಇಂಥ ಕ್ರೀಮುಗಳಲ್ಲಿ ಸಿಕ್ಕಿತ್ತು.

ಜೋಳದರೊಟ್ಟಿ

ಹಂಗಿದ್ರ ಮನಿ ಮದ್ದ ಛಲೋ ಅಲ್ರಿ? ಲಿಂಬಿಹಣ್ಣು, ಅಡಗಿ ಸೋಡಾ. ಮತ್ತ ಕುತ್ತಿಗಿ ಹಿಂದಿನ ಕಪ್ಪು ಎಷ್ಟ ತಿಕ್ಕಿದ್ರೂ ಹೋಗೂದಿಲ್ಲಲ್ಲ?

ಚರ್ಮರೋಗ ವಿಭಾಗ, ಬೆಳಗಾವಿ

ಲಿಂಬೆ ಕಡು ಹುಳಿ. ಅದರ ರಸ ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂತಾಗಿ ಕಲೆ ಉಳಿಯುತ್ತದೆ. ಸೋಡಾ ತದ್ವಿರುದ್ಧ ಗುಣದ್ದು, ಅದೂ ಚರ್ಮದ ಹೊರಪದರ ಕೆಡಿಸುತ್ತದೆ. ಅಡುಗೆಮನೆಯಲ್ಲೇ ಇರಲಿ.

ಕುತ್ತಿಗೆಯ ಕಪ್ಪು ಕೊಳೆಯಲ್ಲ. ಮಖಮಲ್ಲಿನಂತೆ ದಪ್ಪಗಿದ್ದು ಬಗಲಲ್ಲೂ ಇದ್ದರೆ ಅದು ಹೆಚ್ಚಿನಂಶ ದೇಹ ಇನ್ಸುಲಿನ್‌ಗೆ ಸರಿಯಾಗಿ ಓಗೊಡುತ್ತಿಲ್ಲ ಅನ್ನುವ ಗುರುತು. ತಿಕ್ಕಿದಷ್ಟೂ ಕಪ್ಪಾಗುತ್ತದೆ. ಮಾಡಿಸಬೇಕಾದ್ದು ರಕ್ತದ ಸಕ್ಕರೆ ಪರೀಕ್ಷೆ, ಹುಡುಗಿಯರಲ್ಲಿ ಮುಟ್ಟು ತಪ್ಪುತ್ತಿದ್ದರೆ ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ತಪಾಸಣೆ. ಸೊಂಟದ ಸುತ್ತಳತೆ ಇಳಿದಂತೆ ಕುತ್ತಿಗೆ ತಾನೇ ತಿಳಿಯಾಗುತ್ತ ಬರುತ್ತದೆ, ತಿಂಗಳುಗಳು ಬೇಕು. "ಕುತ್ತಿಗಿ ತೊಳಕೋ" ಅನ್ನುವ ಹಿರಿಯರಿಗೂ ಇದನ್ನು ಓದಿ ಹೇಳಿ.

ಆಪ್ತಸಮಾಲೋಚಕಿ, ಬಾಗಲಕೋಟೆ

ಎರಡನೇ ಮತ್ತ ಮೂರನೇ ಪ್ರಶ್ನೆಗೆ ಬರ್ತೀನಿ. ಉದ್ದ ಆಕ್ಕೈತಿ, ಚಾ ಇಟ್ಟುಕೊಂಡ ಓದ್ರಿ.

ಕನ್ನಡಿ ನೋಡೂದು ಚಟ ಅಲ್ಲ, ಪರೀಕ್ಷಾ. "ನಿನ್ನೆಗಿಂತ ಹೆಚ್ಚಾಗೈತೇನು?" ಅಂತ ಪರೀಕ್ಷಾ. ನೋಡಿದ ಕೂಡ್ಲೆ ಒಂದೆರಡ ನಿಮಿಷ ಮನಸ್ಸು ಹಗುರ, ಆಮ್ಯಾಲ ಮತ್ತ ಸಂಶಯ. ಆ ಎರಡ ನಿಮಿಷದ ಹಗುರ ಐತೆಲ್ಲ, ಅದ ಮುಂದಿನ ಸಲ ಕನ್ನಡಿಗೆ ಕರೀತೈತಿ. ಅದರಾಗೂ ಕನ್ನಡಿಗೆ ಮೂಗು ಹತ್ತೂವಷ್ಟ ಸಮೀಪ ನಿಂತು ಒಂದ ರಂಧ್ರ, ಒಂದ ಕಲಿ ನೋಡೂದು ಕೆಟ್ಟ ರೂಢಿ. ಯಾರದ ಚರ್ಮಾನ ನಾಕ ಬಟ್ಟಿನಿಂದ ನೋಡ್ರಿ, ತೂತು ಕಂಡ ಕಾಣತಾವ.

ಇದನ್ನ ಇಳಸೂದು ಹಿಂಗ. ಮೊದಲ ಮೂರ ದಿನ ಏನೂ ಬದಲ ಮಾಡಬ್ಯಾಡ್ರಿ, ಎಣಸ್ರಿ ಅಷ್ಟ. ಕನ್ನಡಿ, ಮೊಬೈಲ್ ಕ್ಯಾಮೆರಾ, ಬೈಕಿನ ಮಿರರ್, ಅಂಗಡಿ ಗಾಜು ಎಲ್ಲಾ ಕೂಡಿ. ದಿನಕ್ಕ 30 ಸಲ ಬಂತನ್ರಿ. ನಾಕನೇ ದಿನದಿಂದ 22, ಮೂರ್ನಾಕ ದಿನ ಅದ ಗಟ್ಟಿ ಆದ ಮ್ಯಾಲ 16, ಹಿಂಗ ಕಾಲ ಭಾಗ ಕಡಿಮಿ ಮಾಡಕೋತ ಬರ್ರಿ. ಒಮ್ಮಿಗೇ ಸೊನ್ನಿಗೆ ಇಳದ್ರ ಮೂರನೇ ದಿನ ಮುರೀತೈತಿ, ಮುರದ ಮ್ಯಾಲ "ನನ್ನ ಕೈಲೆ ಇದೂ ಆಗಲಿಲ್ಲ" ಅನ್ನೂ ಹೊಸ ಬೈಗಳ ಹುಟ್ಟತೈತಿ. ಕನ್ನಡಿ ಮುಚ್ಚಿಸೂದೂ ಬ್ಯಾಡ್ರಿ ವಾರ್ಡನ್ ಅಕ್ಕಾರ; ನೋಡೂದನ್ನ ಪೂರ್ತಿ ತಪ್ಪಸೂದೂ ಅದ ಅಂಜಿಕಿನ ಸಾಕತೈತಿ.

ನೋಡುವಾಗ ಎರಡ ಅಡಿ ದೂರ, ಬೆಳಕು ಸಾದಾ, ಕೆಲಸ ಇದ್ರ ಮಾತ್ರ: ತಲಿ ಹಿಕ್ಕೂದು, ಕುಂಕುಮ ಹಚ್ಚೂದು. ಐದ ನಿಮಿಷ. ದೊಡ್ಡದ ಮಾಡಿ ತೋರಸೂ ಕನ್ನಡಿ ಇದ್ರ ಅದನ್ನಷ್ಟ ತಗೀರಿ. ನಡುವ ನೋಡಬೇಕು ಅನಿಸಿದ್ರ "ಬ್ಯಾಡ" ಅನ್ನಬ್ಯಾಡ್ರಿ, "ಹತ್ತ ನಿಮಿಷ ಬಿಟ್ಟ" ಅನ್ರಿ. ಆ ಹತ್ತ ನಿಮಿಷದಾಗ ತಳಮಳ ಏರಿ ತಾನ ಇಳಿಯೂದನ್ನ ನೋಡೂದ ಇಲ್ಲಿ ಔಷಧಿ.

ಮುಂದಿನದು ಹೊರಗಿನ ಪ್ರಯೋಗ. ಮಾರಿಗೆ ಸ್ಕಾರ್ಫ್ ಕಟ್ಟಿಕೊಂಡ ತಿರುಗೂ ಹುಡುಗಿ ಹೋಗೂ ಮೊದಲ ಚೀಟ್ಯಾಗ ಬರೀಬೇಕು: "ನವನಗರ ಬಸ್‌ಸ್ಟ್ಯಾಂಡಿನ್ಯಾಗ ಹತ್ತ ನಿಮಿಷ ಸ್ಕಾರ್ಫ್ ಇಲ್ಲದ ನಿಂತ್ರ 10 ಮಂದ್ಯಾಗ 8 ಮಂದಿ ನನ್ನ ಕಲಿ ದಿಟ್ಟಿಸಿ ನೋಡತಾರ." ಹೋಗಿ ಎಣಸಬೇಕು. ನೆಲಾ ನೋಡ್ಕೋತ ನಿಂತ್ರ ಲೆಕ್ಕಿಲ್ಲ, ತಲಿ ಎತ್ತಿ ಮಂದಿ ಮಾರಿ ನೋಡಿ ಎಣಸಬೇಕು. ಬಂದ ಮ್ಯಾಲ ಎರಡೂ ಅಂಕಿ ಪಕ್ಕಪಕ್ಕಕ್ಕ ಬರೀಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2000ರಾಗ ಪ್ರಕಟಿಸಿದ ಒಂದ ಪ್ರಯೋಗದಾಗ, ಮುಜುಗರದ ಚಿತ್ರ ಇದ್ದ ಟೀ ಶರ್ಟ್ ಹಾಕ್ಕೊಂಡವರು ಸುಮಾರು ಅರ್ಧ ಮಂದಿ ಗಮನಿಸ್ಯಾರ ಅಂದ್ಕೊಂಡಿದ್ರು. ಗಮನಿಸಿದವರು ಕಾಲ ಭಾಗದಷ್ಟ. ಬಸ್‌ಸ್ಟ್ಯಾಂಡಿನ ಮಂದಿಗಂತೂ ಬಸ್ಸಿನ ಬೋರ್ಡ ಮುಖ್ಯ.

ರೂಮಿನ ಗೆಳತ್ಯಾರಿಗೆ ಒಂದ ಮಾತು. "ನಾ ಹೆಂಗ ಕಾಣಾಕತ್ತೀನಿ?" ಅಂತ ಹತ್ತ ಸಲ ಕೇಳಿದ್ರ ಹತ್ತೂ ಸಲ "ಛಲೋ ಕಾಣತೀ" ಅನ್ನಬ್ಯಾಡ್ರಿ. ಅದು ಕನ್ನಡಿ ಕೆಲಸಾನ ಮಾಡತೈತಿ, ಎರಡ ನಿಮಿಷದ ಹಗುರ. ಮೊದಲ ಸಲ ಉತ್ತರ ಕೊಡ್ರಿ. ಎರಡನೇ ಸಲ "ಇದು ಚಿಂತಿ ಕೇಳಾಕತ್ತೈತಿ, ನೀ ಅಲ್ಲ. ನಡಿ, ಊಟಕ್ಕ ಹೋಗೂನು" ಅನ್ರಿ. ಮೊದಲ ಅಕಿ ಜೋಡಿ ಕೂತು ಒಪ್ಪಿಗಿ ಮಾಡ್ಕೋಬೇಕು, ಇಲ್ಲಾಂದ್ರ ಸಿಟ್ಟಾಗತಾಳ.

ಡಾಕ್ಟರ್ ಕಡೆ ಯಾವಾಗ? ಬ್ಯಾರೆಯವರಿಗೆ ಕಾಣದ ಅಥವಾ ಜರಾ ಕಾಣೂ ಕೊರತಿ ಮ್ಯಾಲ ದಿನಕ್ಕ ಒಂದ ತಾಸಿಗಿಂತ ಹೆಚ್ಚ ಹೊತ್ತ ಹೋಗಾಕತ್ತೈತಿ. ಕ್ಲಾಸು, ಪರೀಕ್ಷಾ, ಊಟ ತಪ್ಪಾಕತ್ತಾವ. ಚರ್ಮ ಚಿವುಟಿ ಗಾಯ ಆಗ್ಯಾವ. ಊಟ ಬಿಡೂದು, ತಿಂದದ್ದ ವಾಂತಿ ಮಾಡೂದು ಶುರು ಆಗೈತಿ. ಇವುಗಳಾಗ ಒಂದ ಇದ್ರೂ ಹೋಗ್ರಿ. ಮೊದಲ ಲಕ್ಷಣ ಬಲವಾಗಿದ್ರ ಅದು ದೇಹರೂಪದ ಗೀಳು, ಗೀಳು ರೋಗದ ಬಳಗದ್ದು. ಹದಿಹರೆಯದಾಗ ಶುರು ಆಗೂದು ಹೆಚ್ಚು, ಗಂಡು ಹೆಣ್ಣು ಇಬ್ಬರಿಗೂ ಬರತೈತಿ. ಇಂಥವರು ಮೂಗಿನ ಆಪರೇಶನ್ ಮಾಡಿಸಿದ್ರ ಸಮಾಧಾನ ಸಿಗೂದು ಅಪರೂಪ. ಗೀಳು ಮೂಗು ಬಿಟ್ಟ ಗಲ್ಲಕ್ಕ ಬರತೈತಿ. ಮನೋವೈದ್ಯರ ಗುಳಗಿ ಮತ್ತ ಮ್ಯಾಲ ಹೇಳಿದಂಥ ವರ್ತನಾ ಚಿಕಿತ್ಸಾ ಎರಡೂ ಕೆಲಸ ಮಾಡತಾವ. ಗುಳಗಿ ಪರಿಣಾಮ ಕಾಣಾಕ ಹನ್ನೆರಡ ವಾರ ಹಿಡೀಬಹುದು, ಹದಿನೈದ ದಿನಕ್ಕ ಬಿಡಬ್ಯಾಡ್ರಿ. ತಾಲೂಕು ಆಸ್ಪತ್ರ್ಯಾಗ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಕೇಳ್ರಿ, ದೊಡ್ಡದಕ್ಕ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಐತಿ. "ಬದುಕೂದ ಬ್ಯಾಡ" ಅನ್ನೂ ಮಾತ ಬಂದ್ರ ಎಣಸೂದು ಬರಿಯೂದು ಎಲ್ಲಾ ಬಿಟ್ಟು ಅವತ್ತ, ಆ ತಾಸಿಗೆ, ಒಬ್ಬಾಕಿನ್ನ ಬಿಡಲಾರದ ಟೆಲಿ ಮಾನಸ್ ಅನ್ನೂ ಸರ್ಕಾರದ ಸಹಾಯವಾಣಿ 14416ಕ್ಕ ಫೋನ್ ಹಚ್ರಿ. ರಾತ್ರಿ ಎರಡಕ್ಕೂ ಎತ್ತತಾರ, ಕನ್ನಡದಾಗ ಮಾತಾಡತಾರ.

ಸ್ಟುಡಿಯೋ ಮಾಮಾ, ವಿಜಯಪುರ

ಸೆಲ್ಫಿ ಬಗ್ಗೆ ಯಾರೂ ಹೇಳಲಿಲ್ಲ, ಅದು ನಮ್ಮ ಖಾತೆ.

ಮೊಬೈಲು ಒಂದ ಅಡಿ ದೂರ ಹಿಡದ್ರ ಮೂಗು ಲೆನ್ಸಿಗೆ ಸಮೀಪ, ಕಿವಿ ದೂರ. ಐದ ಅಡಿ ದೂರದಿಂದ ತಗದ ಫೋಟೋಕ್ಕ ಹೋಲಿಸಿದ್ರ ಮೂಗು ಸುಮಾರು 30% ಅಗಲ ಕಾಣತೈತಿ. ಇದನ್ನ ಅಮೆರಿಕದ ಡಾಕ್ಟರುಗಳು ಲೆಕ್ಕಾ ಹಾಕಿ 2018ರಾಗ ಪ್ರಕಟ ಮಾಡ್ಯಾರ. ಅಂದ್ರ ಮೂಗು ದೊಡ್ಡದಲ್ಲ ತಂಗಿ, ಕೈ ಗಿಡ್ಡ. ಮೊಬೈಲನ್ನ ಕಿಟಕಿ ಹಲಗಿ ಮ್ಯಾಲ ಇಟ್ಟು, ಐದ ಅಡಿ ಹಿಂದ ಸರದು, ಹಿಂದಿನ ಕ್ಯಾಮೆರಾದಾಗ ಎರಡ ಪಟ್ಟ ಝೂಮ್ ಹಾಕಿ ಟೈಮರ್ ಒತ್ರಿ. ನೆತ್ತಿ ಮ್ಯಾಲಿನ ಟ್ಯೂಬ್‌ಲೈಟ್ ಕಣ್ಣ ಕೆಳಗ ನೆರಳ ಕೆಡವತೈತಿ, ಅದನ್ನ ಹುಡುಗೂರು ಕಪ್ಪು ವರ್ತುಲ ಅಂತ ಅಳತಾವ. ಕಿಟಕಿ ಬೆಳಕಿಗೆ ಮಾರಿ ಮಾಡಿ ನಿಂದ್ರಿ. ಸೆಟ್ಟಿಂಗ್‌ನ್ಯಾಗ "ಬ್ಯೂಟಿ" ಅಂತ ಇರತೈತಿ, ಎಷ್ಟೋ ಫೋನಿನ್ಯಾಗ ತಾನ ಚಾಲೂ ಇರತೈತಿ. ಸೊನ್ನಿಗೆ ತನ್ರಿ. ಮೊಬೈಲಿನ್ಯಾಗ ನುಣ್ಣಗ ಕಂಡ ಮಾರಿ ಕನ್ನಡ್ಯಾಗ ನುಣ್ಣಗ ಕಾಣಲಿಲ್ಲಂದ್ರ ಕನ್ನಡಿ ಮ್ಯಾಲ ಸಿಟ್ಟ ಬರತೈತಿ.

ಇನ್ನೊಂದು. ಕನ್ನಡ್ಯಾಗ ಎಡಾ ಬಲಾ ಅದಲ ಬದಲ. ಇಪ್ಪತ್ತ ವರ್ಷ ಆ ತಿರುಗುಮುರುಗು ಮಾರೀನ ನೋಡಿದ ಕಣ್ಣಿಗೆ ಫೋಟೋದಾಗಿನ ಸರಿ ಮಾರಿ ಸೊಟ್ಟ ಅನಸತೈತಿ. ಬೈತಲಿ ಯಾವ ಕಡೆ ಐತಿ ನೋಡ್ರಿ, ತಿಳೀತೈತಿ.

ಬಯೋಡಾಟಾ ಫೋಟೋಕ್ಕ ಬಂದ್ರ "ಜರಾ ಬೆಳ್ಳಗ ಮಾಡ್ರಿ" ಅನ್ನೂದ ಮನಿಯವರ ಮೊದಲ ಮಾತು. ಎಷ್ಟ ಬೆಳ್ಳಗ ಮಾಡತೀರಿ, ಕನ್ಯಾ ನೋಡಾಕ ಬಂದ ದಿನ ಅಷ್ಟ ವ್ಯತ್ಯಾಸ ಆ ಹುಡುಗಿ ಮಾರಿ ಮ್ಯಾಲ ಬೀಳತೈತಿ. ಮೊಡವಿ ತಗೀರಿ, ಅದು ವಾರದಾಗ ಹೋಗೂದು. ಬಣ್ಣ, ಮೂಗು, ಗದ್ದ ಮುಟ್ಟಬ್ಯಾಡ್ರಿ ಅಂತ ಮೊದಲ ಹೇಳಿ ಕುಂಡ್ರಿ.

ಗರಡಿ ಮನಿ, ಗೋಕಾಕ

ಹುಡುಗೂರ ಬಗ್ಗೆ ಯಾರೂ ಕೇಳಲಿಲ್ಲ. ಅವರೂ ಅಳತಾರ, ಜಿಮ್‌ನ್ಯಾಗ.

"ಸೊರಗೀಯಲ್ಲೋ" ಅನಿಸಿಕೊಂಡವರು ದಪ್ಪ ಆಗೂ ಗುಳಗಿ, ಪುಡಿ ಹುಡುಕತಾರ. ಕವರ್ ಇಲ್ಲದ ಅಂಥ ಗುಳಗ್ಯಾಗ ಎರಡ ಇರೂದು ಹೆಚ್ಚು: ಹಸಿವು ನಿದ್ದಿ ಹೆಚ್ಚಸೂ ಸೈಪ್ರೋಹೆಪ್ಟಡೀನ್, ಮತ್ತ ಡೆಕ್ಸಾಮೆಥಾಸೋನ್ ಅನ್ನೂ ಸ್ಟೀರಾಯ್ಡ್. ಬರೂದು ಮಾಂಸ ಅಲ್ಲ, ನೀರು ಮತ್ತ ಬೊಜ್ಜು. ಮಾರಿ ಚಂದ್ರನಂಗ ಉಬ್ಬತೈತಿ, ಕೈಕಾಲು ಹಂಗ ಉಳೀತಾವ. ಎಚ್ಚರ: ಕ್ರೀಮಿನಂಗ ಇದನ್ನ ಓದಿದ ಕೂಡ್ಲೆ ಬಿಡಬ್ಯಾಡ್ರಿ. ಕೆಲವು ವಾರ ನುಂಗಿದವರ ದೇಹ ತನ್ನ ಸ್ಟೀರಾಯ್ಡ್ ಮಾಡೂದ ನಿಲ್ಲಿಸಿರತೈತಿ. ಒಮ್ಮಿಗೇ ಬಿಟ್ರ ವಾಂತಿ, ಸುಸ್ತು, ಬಿಪಿ ಇಳದು ಬೀಳೂದು. ಡಾಕ್ಟರ್ ಹಂತ ಹಂತಕ್ಕ ಇಳಸಬೇಕು.

ಸರಿ ಲೆಕ್ಕ: ಕಸರತ್ತು ಮಾಡೂ ಹುಡುಗಗ ಒಂದ ಕಿಲೋ ತೂಕಕ್ಕ ದಿನಕ್ಕ 1.6 ಗ್ರಾಂ ಪ್ರೋಟೀನ್ ಸಾಕು. 60 ಕಿಲೋದವಗ 96 ಗ್ರಾಂ. ನಾಕ ತತ್ತಿ 24, ಅರ್ಧ ಲೀಟರ್ ಹಾಲು 16, ಶೇಂಗಾ 50 ಗ್ರಾಂ ಅಂದ್ರ 12, ಒಣ ಮಡಕಿಕಾಳು 100 ಗ್ರಾಂ ಅಂದ್ರ 23, ಮೂರ ಜೋಳದ ರೊಟ್ಟಿ 15. ಕೂಡಿದ್ರ 90. ಮ್ಯಾಲ ಒಂದ ಬಟ್ಟಲ ಮಸರು, ಮುಗೀತು. ಹೊಸದಾಗಿ ಶುರು ಮಾಡಿದವಗ ತಿಂಗಳಿಗೆ ಅರ್ಧದಿಂದ ಒಂದ ಕಿಲೋ ಮಾಂಸ ಬಂದ್ರ ಅದ ದೊಡ್ಡದು. ತಿಂಗಳಿಗೆ ಆರ ಕಿಲೋ ಅನ್ನೂ ಡಬ್ಬಿ ಸುಳ್ಳು. ತೂಕ ವಾರಕ್ಕೊಮ್ಮೆ, ಒಂದ ಕಾಟಾದ ಮ್ಯಾಲ, ಮುಂಜಾನೆ ಬರೇ ಹೊಟ್ಟಿಲೆ. ದಿನಾ ಏರಿಳಿಯೂದು ನೀರು, ಅದನ್ನ ನೋಡಿ ಬ್ಯಾಸರ ಮಾಡ್ಕೋಬ್ಯಾಡ್ರಿ.

ಜೋಳದರೊಟ್ಟಿ

ಎಲ್ಲಾ ಖರೆ ಐತ್ರಿ. ಆದ್ರ ಹುಡುಗಿ ತಲ್ಯಾಗಷ್ಟ ದೋಷ ಐತಿ ಅನ್ನೂಹಂಗ ಬರದೀರಿ. ಕನ್ಯಾ ನೋಡಾಕ ಬಂದವರು ಬಣ್ಣಾನ ಕೇಳತಾರ. ಬಸ್‌ಸ್ಟ್ಯಾಂಡಿನ್ಯಾಗ ಯಾರೂ ನೋಡೂದಿಲ್ಲ, ಪಡಸಾಲ್ಯಾಗ ನೋಡತಾರಲ್ರೀ.

ಆಪ್ತಸಮಾಲೋಚಕಿ, ಬಾಗಲಕೋಟೆ

ಒಪ್ಪತೀನ್ರಿ, ಅದನ್ನ ಬರಿಯೂದ ಬಿಟ್ಟಿದ್ದೆ. ಪಡಸಾಲಿ ಅಂಜಿಕಿ ಭ್ರಮಾ ಅಲ್ಲ, ಅಲ್ಲಿ ಖರೇನ ತೂಗತಾರ. ಅಲ್ಲಿ ಹುಡುಗಿಗೆ ಚಿಕಿತ್ಸಾ ಅಲ್ಲ, ಮನಿಯವರಿಗೆ ಕೆಲಸ. ಬಯೋಡಾಟಾದಾಗ "ಬಣ್ಣ: ಗೋಧಿ" ಅನ್ನೂ ಸಾಲ ತಗದ ಹಾಕ್ರಿ, ಎಣ್ಣಿಗೆಂಪು, ಗೋಧಿ ಅಂತ ಬರದ್ರ ನೀವ ತಕ್ಕಡಿ ಕೊಟ್ಟಂಗ. ಮಧ್ಯಸ್ಥಿಕಿ ಮಾಡವರಿಗೆ ಫೋಟೋ ಕಳಿಸೂ ಮೊದಲ "ಬಣ್ಣ ಕೇಳವರು ಇದ್ರ ಬರೂದ ಬ್ಯಾಡ" ಅಂತ ಅಪ್ಪ ಅವ್ವ ಹೇಳಬೇಕು, ಹುಡುಗಿ ಅಲ್ಲ. ಹುಡುಗಿ ಕೇಳೂಹಂಗ ಹೇಳಬೇಕು.

ಬೀಗರ ಮನ್ಯಾಗ "ಕರ್ರಗ ಆಗೀಯಲ್ಲಾ" ಅನ್ನೂ ಅತ್ತ್ಯಾರಿಗೆ ವಾದ ಹಾಕಿದ್ರ ಮಾತ ಅಲ್ಲೇ ಕೂರತೈತಿ. "ಹೌದ್ರಿ ಅತ್ತಿ. ನಿಮ್ಮ ಮೊಣಕಾಲು ಹೆಂಗದಾವ್ರಿ?" ಅಂದ್ರ ಮುಂದಿನ ಅರ್ಧ ತಾಸ ಮೊಣಕಾಲಿಂದ.

ನವನಗರ ವಾರ್ಡನ್, ಬಾಗಲಕೋಟೆ

ಬಾಳ ಉಪಕಾರ ಆತ್ರಿ ಎಲ್ಲರದೂ. ಎಣಸೂ ಚೀಟಿ ನಾಳಿಂದ ಶುರು ಮಾಡತೀವಿ. ಕಡೀ ಪ್ರಶ್ನೆ: ಹೆಸರಿಲ್ಲದ ಡಬ್ಬಿ ಒಂಬತ್ತ ಕೂಡ್ಯಾವ. ಹಿತ್ತಲದಾಗ ನೀರ ಕಾಸೂ ಒಲಿ ಐತಿ, ಅದಕ್ಕ ಹಾಕಿದ್ರ ನಡೀತೈತೇನ್ರಿ?

ಔಷಧಿ ಅಂಗಡಿ, ಇಳಕಲ್

ಒಲಿಗೆ ಹಾಕಬ್ಯಾಡ್ರಿ ಅಕ್ಕಾರ! ಪಾದರಸ ಇದ್ರ ಕಾದ ಕೂಡ್ಲೆ ಹಬಿಯಾಗಿ ಉಸಿರಿನ್ಯಾಗ ಹೋಗತೈತಿ, ಹಚ್ಚಿಕೊಂಡದ್ದಕ್ಕಿಂತ ಕೆಟ್ಟದು. ಬಚ್ಚಲಕ್ಕೂ ತೊಳದ ಬಿಡಬ್ಯಾಡ್ರಿ. ಮುಚ್ಚಳ ಬಿಗಿ ಮಾಡಿ, ಎರಡ ಪ್ಲಾಸ್ಟಿಕ್ ಚೀಲದಾಗ ಕಟ್ಟಿ, "ವಿಷ" ಅಂತ ಬರದು, ಅಪಾಯಕಾರಿ ಕಸ ಅಂತ ಹೇಳಿ ನಗರಸಭೆ ಗಾಡಿಯವರ ಕೈಯಾಗ ಬ್ಯಾರೇನ ಕೊಡ್ರಿ. ಒಂದ ಡಬ್ಬಿ ಮಾತ್ರ ಇಟಗೊಳ್ರಿ, ಡಾಕ್ಟರಿಗೆ ತೋರಸಾಕ. ಮತ್ತ ಆ ಹುಡುಗ್ಯಾರ ತಲದಿಂಬಿನ ಕವರು, ಮಾರಿ ಒರಸೂ ಟಾವೆಲ್ಲು ಬ್ಯಾರೆಯವರ ಅರಿವ್ಯಾಗ ಕೂಡಿಸಿ ತೊಳೀಬ್ಯಾಡ್ರಿ.